ಯಾವ ಕ್ಲಾಸಿಗೆ ಕೂರಿಸೋಣ?

ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರುವುದು ಕಷ್ಟವೇ ಅಲ್ಲ. ಹದಿನೆಂಟು ತುಂಬಿದ್ದು, ಆನ್‌ಲೈನ್‌ನಲ್ಲಿ ಒಂದು ಅರ್ಜಿ ಹಾಕಿದರೆ ಸೀಟು ಸಿಕ್ಕ ಹಾಗೆಯೇ. ಕಟ್‌ಆಫ್ ಇಲ್ಲ, ರ‍್ಯಾಂಕ್ ಇಲ್ಲ, ಡೊನೇಷನ್ ಮಾತಂತೂ ಇಲ್ಲವೇ ಇಲ್ಲ. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ (ನಮ್ಮಲ್ಲಿ ಕ್ರೆಡಿಟ್ ಅನ್ನುತ್ತಾರಲ್ಲ, ಹಾಗೆ) 46 ಡಾಲರ್ ಫೀಸು. ಊರಿಂದ ಫೋನ್ ಮಾಡಿದವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. "ಎಲ್ಲರನ್ನೂ ಸೇರಿಸ್ಕೊಳ್ತಾರೆ ಅಂದ್ರೆ ಅದೆಂಥಾ ಕಾಲೇಜು ಬಿಡು" ಅಂದುಬಿಡುತ್ತಾರೆ.

ಇಂಥ ಕಾಲೇಜುಗಳು ಈ ರಾಜ್ಯವೊಂದರಲ್ಲೇ 116 ಇವೆ. ಎರಡು ವರ್ಷ ಇಲ್ಲಿ ಓದಿ, ಆಮೇಲೆ ಬರ್ಕ್ಲಿ, ಡೇವಿಸ್, ಸ್ಯಾನ್ ಹೊಸೆ ಸ್ಟೇಟ್‌ನಂಥ ಯೂನಿವರ್ಸಿಟಿಗೆ ಮೂರನೇ ವರ್ಷಕ್ಕೆ ಹೋಗಬಹುದು. ಅದಕ್ಕೆ ಟ್ರಾನ್ಸ್‌ಫರ್ ಅನ್ನುತ್ತಾರೆ. ನಮ್ಮಲ್ಲಿ ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಸಿಗುತ್ತದಲ್ಲ, ಹೆಚ್ಚುಕಡಿಮೆ ಆ ದಾರಿ. ಟ್ರಾನ್ಸ್‌ಫರ್ ಆಗಬೇಕಾದರೆ ಒಂದು ಕಾಲೇಜು ಮಟ್ಟದ ಇಂಗ್ಲಿಷ್, ಒಂದು ಕಾಲೇಜು ಮಟ್ಟದ ಗಣಿತ ಪಾಸಾಗಲೇಬೇಕು. ಗಣಿತ ಅಂದರೆ ಎಲ್ಲರಿಗೂ ಕ್ಯಾಲ್ಕುಲಸ್ ಅಲ್ಲ. ಸೈಕಾಲಜಿ, ನರ್ಸಿಂಗ್ ಕಡೆಗೆ ಹೋಗುವವರಿಗೆ ಸ್ಟ್ಯಾಟಿಸ್ಟಿಕ್ಸ್ ಸಾಕು.

ಬಾಗಿಲೇನೋ ತೆರೆದಿತ್ತು. ಆದರೆ ಸೇರಿದವರನ್ನು ಯಾವ ಇಂಗ್ಲಿಷ್, ಯಾವ ಗಣಿತ ಕ್ಲಾಸಿನಲ್ಲಿ ಕೂರಿಸಬೇಕು ಅನ್ನುವ ತೀರ್ಮಾನದಲ್ಲೇ ಎಷ್ಟೋ ಜನರ ಓದು ಮುಗಿದುಹೋಗುತ್ತಿತ್ತು. ನಾನು ಕೆಲವು ವರ್ಷಗಳಿಂದ ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ಹೊತ್ತು ಗಣಿತ ಟ್ಯೂಟರ್ ಆಗಿದ್ದೇನೆ. ಹಾಗಾಗಿ ಈ ವಿಷಯ ನನ್ನ ತಲೆಯಲ್ಲಿ ಸದಾ ಓಡುತ್ತಿರುತ್ತದೆ.

ಮೊದಲು ಹೀಗಿತ್ತು. ಹೊಸಬರು ಬಂದ ಕೂಡಲೇ ಒಂದು ಪ್ಲೇಸ್‌ಮೆಂಟ್ ಟೆಸ್ಟ್. ಬಹಳ ಕಾಲೇಜುಗಳಲ್ಲಿ ಕಾಲೇಜ್ ಬೋರ್ಡ್‌ನವರ ಅಕ್ಯುಪ್ಲೇಸರ್, ಇನ್ನು ಕೆಲವು ಕಡೆ ಎಸಿಟಿ ಕಂಪನಿಯ ಕಂಪಾಸ್. ಕಂಪ್ಯೂಟರ್ ಮುಂದೆ ಕೂತು ಉತ್ತರ ಒತ್ತುತ್ತಾ ಹೋಗಬೇಕು. ಸರಿ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಷ್ಟದ್ದು, ತಪ್ಪಾದರೆ ಸುಲಭದ್ದು. ಇಂಗ್ಲಿಷಿನಲ್ಲೂ ಅಷ್ಟೇ, ವಾಕ್ಯದ ತಪ್ಪು ಯಾವುದು ಅಂತ ನಾಲ್ಕರಲ್ಲಿ ಒಂದನ್ನು ಆರಿಸುವುದು. ಮುಂದೆ ಇಡೀ ಸೆಮಿಸ್ಟರ್ ಪ್ರಬಂಧ ಬರೆಸುವ ಕ್ಲಾಸಿಗೆ ಯಾರು ಯೋಗ್ಯರು ಅನ್ನುವುದನ್ನು, ಒಂದು ಪ್ಯಾರಾನೂ ಬರೆಸದೆ ತೀರ್ಮಾನ ಮಾಡಿಬಿಡುತ್ತಿದ್ದರು!

ನಮ್ಮಲ್ಲಿ ಪರೀಕ್ಷೆ ಅಂದರೆ ಮನೆಮಂದಿಯೆಲ್ಲ ಸಜ್ಜಾಗುತ್ತೇವೆ. ಟಿವಿ ಬಂದ್, ನೆಂಟರು ಬರೋ ಹಾಗಿಲ್ಲ. ಇಲ್ಲಿ ಮಕ್ಕಳಿಗೆ ಅದು ಪರೀಕ್ಷೆ ಅಂತಲೇ ಅನ್ನಿಸುತ್ತಿರಲಿಲ್ಲವಂತೆ. ಅರ್ಜಿ ಕೊಡಲು ಬಂದವರಿಗೆ "ಆ ರೂಮಿಗೆ ಹೋಗಿ ಟೆಸ್ಟ್ ತಗೊಂಡು ಬನ್ನಿ" ಅಂದರೆ, ಫಾರಂ ತುಂಬುವ ಕೆಲಸದಲ್ಲಿ ಇದೂ ಒಂದು ಅಂದುಕೊಂಡು, ಓದಿಕೊಳ್ಳದೇ ಹೋಗಿ ಬರೆದುಬರುತ್ತಿದ್ದರು ಅಂತ ನಮ್ಮ ಟ್ಯೂಟರಿಂಗ್ ಸೆಂಟರಿನ ಹಳಬರು ಹೇಳುತ್ತಾರೆ. ಬೇಸಿಗೆ ರಜೆಯಲ್ಲಿ ಮೂರು ತಿಂಗಳು ಭಿನ್ನರಾಶಿ ಮುಟ್ಟದವರು ಒಂದಷ್ಟು ಜನ. ಹದಿನೈದು ವರ್ಷ ಮುಟ್ಟದವರು ಇನ್ನೊಂದಷ್ಟು. ಅವತ್ತು ಬಂದ ಸ್ಕೋರ್ ಮುಂದಿನ ಎರಡು ವರ್ಷವನ್ನು ನಿರ್ಧರಿಸುತ್ತದೆ ಅಂತ ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ.

ಸ್ಕೋರ್ ಕಮ್ಮಿ ಬಂದರೆ ರಿಮೀಡಿಯಲ್ ಕ್ಲಾಸು. ಅಂಕಗಣಿತ, ಅದಾದಮೇಲೆ ಪ್ರಿ ಆಲ್ಜೀಬ್ರಾ, ಅದಾದಮೇಲೆ ಎಲಿಮೆಂಟರಿ ಆಲ್ಜೀಬ್ರಾ, ಅದಾದಮೇಲೆ ಇಂಟರ್‌ಮೀಡಿಯೆಟ್ ಆಲ್ಜೀಬ್ರಾ. ಒಂದೊಂದಕ್ಕೆ ಒಂದೊಂದು ಸೆಮಿಸ್ಟರ್. ಇಷ್ಟೂ ದಾಟಿದ ಮೇಲೆ ಸ್ಟ್ಯಾಟಿಸ್ಟಿಕ್ಸ್. ಇವುಗಳಿಗೆ ಫೀಸು ಕಟ್ಟಬೇಕು, ಟ್ರಾನ್ಸ್‌ಫರ್‌ಗೆ ಮಾತ್ರ ಲೆಕ್ಕಕ್ಕಿಲ್ಲ.

ಮೇಲುನೋಟಕ್ಕೆ ಇದರಲ್ಲಿ ತಪ್ಪೇನಿದೆ ಅನ್ನಿಸುತ್ತದೆ. ಅಡಿಪಾಯ ಗಟ್ಟಿಯಾಗಲಿ ಅಂತ ತಾನೇ? ನನಗೂ ಹಾಗೇ ಅನ್ನಿಸುವುದು ಸಹಜ, ಮಗ್ಗಿ ಬಾಯಿಪಾಠ ಮಾಡಿಸಿದ ಮೇಷ್ಟ್ರ ಕೈಯಲ್ಲಿ ಕಲಿತವಳು. ಆದರೆ ಗುಣಾಕಾರ ಮಾಡಿ ನೋಡಿ. ಒಂದು ಹಂತದಲ್ಲಿ ನೂರಕ್ಕೆ ಎಪ್ಪತ್ತು ಜನ ಪಾಸಾದರು ಅಂತ ಇಟ್ಟುಕೊಳ್ಳೋಣ. ಕೆಟ್ಟ ಫಲಿತಾಂಶವೇನಲ್ಲ. ಪಾಸಾದವರಲ್ಲಿ ನೂರಕ್ಕೆ ಎಂಬತ್ತು ಜನ ಮುಂದಿನ ಸೆಮಿಸ್ಟರಿಗೆ ಹೆಸರು ಬರೆಸಿದರು ಅನ್ನೋಣ. ಉಳಿದವರಿಗೆ ಕೆಲಸದ ಪಾಳಿ ಬದಲಾಯಿತು, ಮಗು ಹುಟ್ಟಿತು, ಕಾರು ಕೆಟ್ಟಿತು. ಅಲ್ಲಿಗೆ ನೂರು ಜನ 56 ಆದರು. ಇನ್ನೊಂದು ಹಂತ ಆದಮೇಲೆ 31. ಮೂರನೆಯದು ಮುಗಿಯುವಾಗ 17. ನಾಲ್ಕನೆಯದಕ್ಕೆ 10 ಉಳಿದರೆ ಹೆಚ್ಚು. ಯಾವ ಮೇಷ್ಟ್ರೂ ಕೆಟ್ಟದಾಗಿ ಪಾಠ ಮಾಡಿಲ್ಲ, ಯಾವ ಕ್ಲಾಸಿನ ರಿಸಲ್ಟೂ ಗಾಬರಿ ಹುಟ್ಟಿಸುವಂತಿಲ್ಲ. ಆದರೂ ಸ್ಟ್ಯಾಟಿಸ್ಟಿಕ್ಸ್ ಬಾಗಿಲಿಗೆ ಬಂದವರು ಹತ್ತೇ ಜನ. ನಾಲ್ಕು ಬಸ್ ಬದಲಿಸಿ ಹೋಗಬೇಕಾದ ಊರಿಗೆ ಜನ ಹೋಗುವುದನ್ನೇ ಬಿಡುತ್ತಾರಲ್ಲ, ಹಾಗೆ.

ಇದು ನಾನು ಸುಮ್ನೆ ಉದಾಹರಣೆಗೆ ಹಿಡಿದ ಲೆಕ್ಕ. ನಿಜವಾದ ಅಂಕಿಗಳೂ ಸಮಾಧಾನ ಕೊಡುವಂಥವಲ್ಲ. ಕ್ಯಾಲಿಫೋರ್ನಿಯಾದ ಪಬ್ಲಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ 2016ರಲ್ಲಿ ಕೊಟ್ಟ ವರದಿಯ ಪ್ರಕಾರ, ಹೊಸದಾಗಿ ಬಂದವರಲ್ಲಿ ನೂರಕ್ಕೆ 80 ಜನ ಒಂದಾದರೂ ರಿಮೀಡಿಯಲ್ ಕ್ಲಾಸಿನಲ್ಲಿ ಕೂರುತ್ತಿದ್ದರು. ರಿಮೀಡಿಯಲ್ ಗಣಿತದಿಂದ ಶುರುಮಾಡಿದವರಲ್ಲಿ ಕಾಲೇಜು ಮಟ್ಟದ ಗಣಿತ ಮುಗಿಸಿದವರು ನೂರಕ್ಕೆ 27. ಇಂಗ್ಲಿಷಿನಲ್ಲಿ 44.

ಹಾಗಾದರೆ ಅಷ್ಟೂ ಜನ ನಿಜಕ್ಕೂ ದಡ್ಡರಾ? ಈ ಪ್ರಶ್ನೆಯನ್ನು ಸರಿಯಾಗಿ ಕೆದಕಿದ್ದು ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯ ಕಮ್ಯುನಿಟಿ ಕಾಲೇಜ್ ರಿಸರ್ಚ್ ಸೆಂಟರ್. ಅಲ್ಲಿನ ಜೂಡಿತ್ ಸ್ಕಾಟ್ ಕ್ಲೇಟನ್ 2012ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಟೆಸ್ಟ್ ಬರೆದವರಲ್ಲಿ ಗಣಿತದಲ್ಲಿ ಸುಮಾರು ಕಾಲುಭಾಗ, ಇಂಗ್ಲಿಷಿನಲ್ಲಿ ಸುಮಾರು ಮೂರನೇ ಒಂದು ಭಾಗ ಜನ ತೀರಾ ತಪ್ಪು ಕ್ಲಾಸಿಗೆ ಬೀಳುತ್ತಿದ್ದಾರೆ ಅಂತ. ಅದರಲ್ಲೂ ಮೇಲಿನ ಕ್ಲಾಸಿಗೆ ಅರ್ಹರಾಗಿದ್ದೂ ಕೆಳಗೆ ಬಿದ್ದವರೇ ಜಾಸ್ತಿ. ಇದಕ್ಕಿಂತ ಹೈಸ್ಕೂಲಿನ ಜಿಪಿಎ, ಅಂದರೆ ನಾಲ್ಕಕ್ಕೆ ಇಷ್ಟು ಅಂತ ಹಾಕುವ ಸರಾಸರಿ ಗ್ರೇಡ್, ನೋಡಿದರೆ ಎಷ್ಟೋ ವಾಸಿ ಅನ್ನುವುದು ಅವರ ಮಾತು.

ಇದು ನನಗೆ ಆಶ್ಚರ್ಯ ಅನ್ನಿಸಲಿಲ್ಲ. ಜಿಪಿಎ ಅಂದರೆ ನಾಲ್ಕು ವರ್ಷ, ಹತ್ತಾರು ಟೀಚರುಗಳು, ಹೋಂವರ್ಕು, ಪ್ರಾಜೆಕ್ಟು, ಹಾಜರಿ, ಜ್ವರ ಬಂದಾಗಿನ ಟೆಸ್ಟು ಎಲ್ಲಾ ಸೇರಿದ ಸಂಖ್ಯೆ. ಕಷ್ಟದ ಅಧ್ಯಾಯ ಬಂದಾಗ ಈ ಹುಡುಗಿ ಕೈಬಿಟ್ಟಳಾ, ಕಚ್ಚಿಕೊಂಡು ಕೂತಳಾ ಅನ್ನುವುದು ಅದರಲ್ಲಿ ಸ್ವಲ್ಪ ಕಾಣುತ್ತದೆ. ಒಂದು ಬೆಳಗಿನ ಟೆಸ್ಟಿನಲ್ಲಿ ಅದು ಕಾಣುವುದಿಲ್ಲ. ನಮ್ಮ ಸಿಇಟಿಯಲ್ಲೂ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಹಿಡಿಯುತ್ತಾರೆ. ಆ ಅರ್ಧಕ್ಕೆ ಎಷ್ಟು ಜಗಳ ಆಗಿದ್ದರೂ ಅದರ ಹಿಂದಿನ ಬುದ್ಧಿ ಇದೇ.

ಕ್ಯಾಲಿಫೋರ್ನಿಯಾದಲ್ಲಿ ಈ ಜಗಳ ಹಳೆಯದು. ಟೆಸ್ಟ್ ನೆಪದಲ್ಲಿ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳನ್ನು ಕೆಳಗಿನ ಕ್ಲಾಸುಗಳಿಗೆ ತಳ್ಳುತ್ತಿದ್ದಾರೆ ಅಂತ, ಅವರ ಹಕ್ಕುಗಳಿಗಾಗಿ ಹೋರಾಡುವ ಮ್ಯಾಲ್ಡೆಫ್ ಅನ್ನುವ ಸಂಸ್ಥೆ 1988ರಷ್ಟು ಹಿಂದೆಯೇ ಕೋರ್ಟಿಗೆ ಹೋಗಿತ್ತು. ಕೊನೆಗೆ ಕಾನೂನೇ ಬಂತು. 2017ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಎಬಿ 705 (ಎಬಿ ಅಂದರೆ ಅಸೆಂಬ್ಲಿ ಬಿಲ್). ವಿದ್ಯಾರ್ಥಿ ಒಂದು ವರ್ಷದೊಳಗೆ ಕಾಲೇಜು ಮಟ್ಟದ ಇಂಗ್ಲಿಷ್, ಗಣಿತ ಮುಗಿಸುವ ಸಾಧ್ಯತೆ ಎಲ್ಲಿ ಹೆಚ್ಚೋ ಅಲ್ಲಿ ಕೂರಿಸಬೇಕು ಅನ್ನುವುದು ಅದರ ತಿರುಳು. ಕೆಳಗಿನ ಕ್ಲಾಸಿಗೆ ಹಾಕಬೇಕು ಅಂದರೆ, ಮೇಲೆ ಈತ ಗೆಲ್ಲುವುದು ತೀರಾ ಕಷ್ಟ ಅಂತ ಕಾಲೇಜೇ ತೋರಿಸಬೇಕು. ಮೊದಲು ತಾನು ಯೋಗ್ಯ ಅಂತ ಸಾಬೀತು ಮಾಡುವ ಹೊಣೆ ಹದಿನೆಂಟರ ಹುಡುಗನ ಮೇಲಿತ್ತು. ಈಗ ಅದು ಕಾಲೇಜಿನ ಮೇಲೆ ಬಂತು.

2019ರ ಫಾಲ್, ಅಂದರೆ ಬೇಸಿಗೆ ರಜೆ ಮುಗಿದು ಶುರುವಾಗುವ ಸೆಮಿಸ್ಟರಿನಿಂದ ಪೂರ್ತಿ ಜಾರಿಯಾಯಿತು. ಜಿಪಿಎ 2.6 ದಾಟಿದ್ದರೆ ನೇರವಾಗಿ ಕಾಲೇಜು ಇಂಗ್ಲಿಷ್. ಅದಕ್ಕಿಂತ ಕಮ್ಮಿ ಇದ್ದರೂ ಅದೇ ಕ್ಲಾಸು, ಜೊತೆಗೆ ಬೆಂಬಲದ ಪಾಠ. ಸ್ಟ್ಯಾಟಿಸ್ಟಿಕ್ಸ್‌ಗೆ 3.0 ಇದ್ದರೆ ಒಂಟಿಯಾಗಿ, ಕಮ್ಮಿ ಇದ್ದರೆ ಬೆಂಬಲದೊಂದಿಗೆ. ಹೀಗೆ ಮುಖ್ಯ ಕ್ಲಾಸಿನ ಜೊತೆಜೊತೆಗೇ ನಡೆಯುವ ಬೆಂಬಲದ ಕ್ಲಾಸಿಗೆ ಇಲ್ಲಿ ಕೊರಿಕ್ವಿಸಿಟ್ ಅನ್ನುತ್ತಾರೆ.

ಈ ಕೊರಿಕ್ವಿಸಿಟ್ ಬಗ್ಗೆ ಇಲ್ಲಿನವರು ಭಾರೀ ಹೊಸ ವಿಚಾರ ಅನ್ನುವಂತೆ ಮಾತಾಡುವಾಗ ನನಗೆ ಒಳಗೊಳಗೇ ನಗು. ನಾನು ಪಾಲಿಟೆಕ್ನಿಕ್ ಹುಡುಗಿ. ಡಿಪ್ಲೊಮಾ ಮುಗಿಸಿ ವಿಟಿಯು ಕಾಲೇಜಿನಲ್ಲಿ ನೇರ ಮೂರನೇ ಸೆಮಿಸ್ಟರಿಗೆ ಬಂದು ಕೂತವಳು. ಪಿಯುಸಿ ಮಾಡಿ ಬಂದವರೆಲ್ಲ ಮೊದಲ ವರ್ಷದ ಗಣಿತ, ಅಂದರೆ ಎಂ1, ಎಂ2 ಮುಗಿಸಿ ಎಂ3ಗೆ ಬಂದಿರುತ್ತಿದ್ದರು. ನಾವು ಅದ್ಯಾವುದನ್ನೂ ನೋಡದೆ ಸೀದಾ ಎಂ3 ಕ್ಲಾಸಿಗೆ. ಮೊದಲ ವಾರವೇ ಬೋರ್ಡ್ ಮೇಲೆ ಫೋರಿಯರ್ ಸೀರೀಸ್. ನಮಗಾಗಿ ವಿಟಿಯು ಮಾಡಿದ್ದ ವ್ಯವಸ್ಥೆಯ ಹೆಸರು ಮ್ಯಾಟ್‌ಡಿಪ್. ಲ್ಯಾಟರಲ್ ಎಂಟ್ರಿಯವರಿಗೆ ಮಾತ್ರ, ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ, ಎಂ3 ಎಂ4 ಜೊತೆಜೊತೆಗೇ ಇನ್ನೊಂದು ಗಣಿತ. ಪಾಸಾಗಲೇಬೇಕು, ಪರ್ಸೆಂಟೇಜಿಗೆ ಮಾತ್ರ ಸೇರುವುದಿಲ್ಲ.

ಮ್ಯಾಟ್‌ಡಿಪ್‌ಗೆ ನಾವೆಷ್ಟು ಬೈದಿದ್ದೇವೆ ಅಂತ ಲ್ಯಾಟರಲ್‌ನವರನ್ನೇ ಕೇಳಿ. ಬೇರೆಯವರು ಕ್ಯಾಂಟೀನಿಗೆ ಹೋದಾಗ ನಾವು ಪಾರ್ಷಿಯಲ್ ಡಿಫರೆನ್ಷಿಯೇಷನ್ ಮಾಡುತ್ತಾ ಕೂರಬೇಕಿತ್ತು. ಆದರೆ ಅದರ ಬದಲು ವಿಟಿಯು "ನಿಮಗೆ ಬುನಾದಿ ಇಲ್ಲ, ಒಂದು ವರ್ಷ ಬರೀ ಗಣಿತ ಓದಿ ಬನ್ನಿ, ಆಮೇಲೆ ಮೂರನೇ ಸೆಮಿಸ್ಟರ್" ಅಂದಿದ್ದರೆ? ನನ್ನ ಬ್ಯಾಚಿನ ಅರ್ಧ ಜನ ಅದೇ ಬೇಸಿಗೆಯಲ್ಲಿ ಯಾವುದೋ ಫ್ಯಾಕ್ಟರಿಗೆ ಟ್ರೈನಿಯಾಗಿ ಸೇರಿಬಿಡುತ್ತಿದ್ದರು. ಮನೆಯಲ್ಲಿ ಇನ್ನೊಂದು ವರ್ಷ ಕಾಯುವ ಸ್ಥಿತಿ ಇದ್ದಿದ್ದರೆ ಡಿಪ್ಲೊಮಾಕ್ಕೇ ಹೋಗುತ್ತಿರಲಿಲ್ಲವಲ್ಲ.

ಕೊರಿಕ್ವಿಸಿಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಟ್ಯೂಟರಿಂಗ್ ಟೇಬಲ್ಲಿನಲ್ಲಿ ಕೂತು ನೋಡಬೇಕು. ಹಗಲು ಗೋಡೌನಿನಲ್ಲಿ ಲೋಡಿಂಗ್ ಮಾಡಿ ಸಂಜೆ ಬರುವ ಒಬ್ಬ ಹುಡುಗ. ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವುದು. ಸರಾಸರಿ 70, ಒಂದು ಅಂಕ 64. ಕಳೆದರೆ ಮೈನಸ್ 6. ಅದರ ವರ್ಗ ಅಂತ ಅವನು ಮೈನಸ್ 36 ಬರೆದ. ಇನ್ನೊಂದು ಅಂಕ 76, ಅದರದ್ದು ಪ್ಲಸ್ 36. ಎರಡನ್ನೂ ಕೂಡಿದ, ಸೊನ್ನೆ ಬಂತು. ಪೆನ್ನು ಕೆಳಗಿಟ್ಟು ಅವನೇ ಅಂದ: "ಇದು ಸರಿ ಇರೋಕೆ ಸಾಧ್ಯ ಇಲ್ಲ. ಅಂಕಗಳು ಚದುರಿವೆ, ಚದುರಿಕೆ ಸೊನ್ನೆ ಅಂತ ಹೇಗೆ ಬರುತ್ತೆ?"

ನೋಡಿ, ಸ್ಟ್ಯಾಟಿಸ್ಟಿಕ್ಸ್‌ನ ಜೀವಾಳವೇ ಅವನಿಗೆ ಗೊತ್ತಿದೆ. ಗೊತ್ತಿಲ್ಲದ್ದು ಮೈನಸ್ಸಿನ ವರ್ಗ. ಕ್ಯಾಲ್ಕುಲೇಟರಿನಲ್ಲಿ ಬ್ರಾಕೆಟ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಒತ್ತಿಸಿದೆ. ಎರಡು ಬೇರೆ ಉತ್ತರ ಬಂತು. ಯಾಕೆ ಅಂತ ಐದು ನಿಮಿಷ ಮಾತಾಡಿದೆವು, ಮುಗಿಯಿತು. ಹಳೆಯ ಟೆಸ್ಟಿನಲ್ಲಿ ಇದೇ ತಪ್ಪು ಇವನನ್ನು ಪ್ರಿ ಆಲ್ಜೀಬ್ರಾಗೆ ಕಳಿಸುತ್ತಿತ್ತು. ಅಲ್ಲಿ ಮೈನಸ್ಸಿನ ವರ್ಗವನ್ನು ಮೂವತ್ತು ಸಲ ಮಾಡುತ್ತಿದ್ದ, ಯಾತಕ್ಕೆ ಅಂತ ಗೊತ್ತಿಲ್ಲದೆ. ಬೇಕಾದ ಹೊತ್ತಿನಲ್ಲಿ ಕಲಿತದ್ದು ಉಳಿದಷ್ಟು, ಮುಂದೆ ಬೇಕಾಗುತ್ತದೆ ಅಂತ ಕಲಿತದ್ದು ಉಳಿಯುವುದಿಲ್ಲ. ಇದು ನನ್ನ ಅನಿಸಿಕೆ, ಆದರೆ ಗಟ್ಟಿ ಅನಿಸಿಕೆ.

ಅನಿಸಿಕೆಗಿಂತ ಗಟ್ಟಿಯಾದದ್ದೂ ಒಂದಿದೆ. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯವರು 2013ರಲ್ಲಿ ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಹಂಚಿದರು. ಎಲ್ಲರೂ ಟೆಸ್ಟಿನ ಪ್ರಕಾರ ಎಲಿಮೆಂಟರಿ ಆಲ್ಜೀಬ್ರಾಕ್ಕೆ ಹೋಗಬೇಕಾದವರೇ. ಒಂದು ಗುಂಪನ್ನು ಅದಕ್ಕೇ ಹಾಕಿದರು. ಇನ್ನೊಂದು ಗುಂಪನ್ನು ನೇರ ಸ್ಟ್ಯಾಟಿಸ್ಟಿಕ್ಸ್‌ಗೆ ಕಳಿಸಿ, ವಾರಕ್ಕೊಂದು ವರ್ಕ್‌ಶಾಪ್ ಕೊಟ್ಟರು. ಆಲ್ಜೀಬ್ರಾದಲ್ಲಿ ಪಾಸಾದವರು ನೂರಕ್ಕೆ 39. "ಮೇಲಿನ" ಕ್ಲಾಸಾದ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ 56!

ಕ್ಯಾಲಿಫೋರ್ನಿಯಾದಲ್ಲೂ ಅಂಕಿ ಬದಲಾಯಿತು. 2015ರಲ್ಲಿ ಮೊದಲ ಸಲ ಗಣಿತ ತೆಗೆದುಕೊಂಡವರಲ್ಲಿ ನೇರ ಕಾಲೇಜು ಮಟ್ಟದಿಂದ ಶುರುಮಾಡಿದವರು ನೂರಕ್ಕೆ 21. 2019ರಲ್ಲಿ ಅದು 78. ಆ ವರ್ಷ ಮೊದಲ ಸಲ ಗಣಿತ ತೆಗೆದುಕೊಂಡವರಲ್ಲಿ ನೂರಕ್ಕೆ 40 ಜನ ಒಂದೇ ಸೆಮಿಸ್ಟರಿನಲ್ಲಿ ಗಣಿತ ಮುಗಿಸಿಬಿಟ್ಟರು. ನಾಲ್ಕು ಸೆಮಿಸ್ಟರ್ ಅಲ್ಲ, ಒಂದು.

ಹಾಗಂತ ಎಲ್ಲಾ ಸರಿಹೋಯಿತು ಅಂದರೆ ಟ್ಯೂಟರ್ ಟೇಬಲ್ಲಿನ ಈ ಕಡೆ ಕೂತವಳಿಗೆ ಗಂಟಲು ಕಟ್ಟುತ್ತದೆ. ಆ ನಲವತ್ತರ ಪಕ್ಕದಲ್ಲಿ ಅರವತ್ತು ಇದೆಯಲ್ಲ? ಮೊದಲು ಜನ ದಾರಿಯಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತಿದ್ದರು. ಈಗ ಕ್ಲಾಸಿಗೆ ಬಂದು ಫೇಲಾಗುತ್ತಾರೆ. ಕಳೆದುಹೋದವರ ಗ್ರೇಡ್ ಕಾರ್ಡಿನಲ್ಲಿ ಎಫ್ ಇರುತ್ತಿರಲಿಲ್ಲ, ಇವರದರಲ್ಲಿ ಇರುತ್ತದೆ. ಒಟ್ಟು ಲೆಕ್ಕದಲ್ಲಿ ಹೊಸ ದಾರಿಯೇ ಮೇಲು ಅಂತ ನಾನೂ ಒಪ್ಪುತ್ತೇನೆ. ಆದರೆ ಎರಡನೇ ಸಲ ಫೇಲಾಗಿ ಎದುರಿಗೆ ಬಂದು ಕೂತ ಹೆಂಗಸಿಗೆ ಒಟ್ಟು ಲೆಕ್ಕ ಹೇಳಿ ಏನು ಪ್ರಯೋಜನ? ಮೇಷ್ಟ್ರುಗಳಿಗೂ ಹೊರೆ ಜಾಸ್ತಿಯಾಗಿದೆ. ಒಂದೇ ಕ್ಲಾಸಿನಲ್ಲಿ ಕ್ಯಾಲ್ಕುಲಸ್ ನೋಡಿಬಂದವರೂ ಇರುತ್ತಾರೆ, ಶೇಕಡಾ ಲೆಕ್ಕ ಮರೆತವರೂ ಇರುತ್ತಾರೆ. ಬೆಂಬಲದ ಕ್ಲಾಸು ಚೆನ್ನಾಗಿ ನಡೆಯುವ ಕಡೆ ಇದು ನಡೆಯುತ್ತದೆ. ಹೆಸರಿಗೆ ಮಾತ್ರ ಇರುವ ಕಡೆ ಆ ಎರಡು ಗಂಟೆ ಬರೀ ಹೋಂವರ್ಕ್ ಮಾಡುವ ಸಮಯ.

ಕ್ಯಾಲ್ಕುಲಸ್ ವಿಷಯದಲ್ಲಂತೂ ನನಗೆ ಇನ್ನೂ ಅನುಮಾನವಿದೆ. 2022ರಲ್ಲಿ ಬಂದ ಎಬಿ 1705 ಇದೇ ತತ್ವವನ್ನು ಎಂಜಿನಿಯರಿಂಗ್, ವಿಜ್ಞಾನ ಓದುವವರಿಗೂ ವಿಸ್ತರಿಸಿತು. 2025ರ ಫಾಲ್‌ನಿಂದ ಅವರನ್ನು ಆದಷ್ಟು ನೇರ ಕ್ಯಾಲ್ಕುಲಸ್‌ಗೇ ಕೂರಿಸಬೇಕು ಅಂತಾಯಿತು. ಗಣಿತದ ಮೇಷ್ಟ್ರುಗಳು ಜೋರಾಗಿ ವಿರೋಧಿಸಿದರು. ಹೈಸ್ಕೂಲಿನಲ್ಲಿ ಟ್ರಿಗ್ನಾಮೆಟ್ರಿಯನ್ನೇ ನೋಡದವನಿಗೆ ಸೈನ್ ಕಾಸ್ ಡಿಫರೆನ್ಷಿಯೇಷನ್ ಹೇಗೆ ಹೇಳೋದು ಅಂತ. ಕೊನೆಗೆ 2024ರ ಡಿಸೆಂಬರಿನಲ್ಲಿ, ಅಂಥವರು ಕೆಳಗಿನಿಂದಲೂ ಶುರುಮಾಡಬಹುದು ಅಂತ ಸ್ವಲ್ಪ ಸಡಿಲ ಮಾಡಿದರು. ಸ್ಟ್ಯಾಟಿಸ್ಟಿಕ್ಸ್‌ಗೆ ಬೇಕಾದ ಹಳೆಯ ಗಣಿತ ಸ್ವಲ್ಪ, ಐದೈದು ನಿಮಿಷದಲ್ಲಿ ತುಂಬಿಸಬಹುದು. ಕ್ಯಾಲ್ಕುಲಸ್‌ಗೆ ಬೇಕಾದ್ದು ಹಾಗಲ್ಲ. ಆಲ್ಜೀಬ್ರಾ ಕೈಗೆ ಹತ್ತದಿದ್ದರೆ ಸಾಲುಸಾಲಿಗೂ ಎಡವುತ್ತಾರೆ. ನಾನು ಮ್ಯಾಟ್‌ಡಿಪ್ ದಾಟಿದೆ ನಿಜ, ಆದರೆ ಡಿಪ್ಲೊಮಾದಲ್ಲಿ ಅಪ್ಲೈಡ್ ಮ್ಯಾಥ್ಸ್ ಅಂತ ಒಂದಿಷ್ಟು ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ತಲೆಗೆ ಹೋಗಿತ್ತು.

ಇನ್ನು ನಮ್ಮವರ ವಿಷಯ. ಗಂಡನ ಕೆಲಸದ ಜೊತೆ ಬಂದು, ಮಕ್ಕಳು ಸ್ಕೂಲಿಗೆ ಹೋಗುವ ಹೊತ್ತಿಗೆ "ನಾನೂ ಏನಾದರೂ ಓದೋಣ" ಅನ್ನುವ ಕನ್ನಡದ ಹೆಣ್ಣುಮಕ್ಕಳು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಈ ಬೇ ಏರಿಯಾದಲ್ಲಿ ಎಷ್ಟೋ ಜನ. ಕ್ಯುಪರ್ಟಿನೋದ ಡಿ ಆಂಜಾ, ಫ್ರೀಮಾಂಟ್‌ನ ಒಲೋನಿ, ಸಾಂತಾ ಕ್ಲಾರಾದ ಮಿಷನ್ ಕಾಲೇಜುಗಳು ಮನೆ ಹತ್ತಿರವೇ. ಇವರಿಗೆ ಅಮೆರಿಕದ ಹೈಸ್ಕೂಲ್ ಜಿಪಿಎ ಇರುವುದಿಲ್ಲ. ಹಾಗಾಗಿ ಕಾಲೇಜುಗಳು ಒಂದು ಪ್ರಶ್ನಾವಳಿ ಕೊಡುತ್ತವೆ. ಪ್ರತಿ ಕ್ಲಾಸಿನಲ್ಲಿ ಏನು ಓದಿಸುತ್ತಾರೆ, ಎಷ್ಟು ಬರೆಸುತ್ತಾರೆ ಅಂತ ವಿವರಿಸಿ, ನಿಮಗೆ ಯಾವುದು ಹೊಂದುತ್ತದೆ ಅಂತ ನಿಮ್ಮನ್ನೇ ಕೇಳುತ್ತಾರೆ. ಟೆಸ್ಟ್ ಇಲ್ಲ, ನಿಮ್ಮ ಮಾತೇ ಆಧಾರ. ಕೇಳಲಿಕ್ಕೆ ಎಷ್ಟು ಚೆಂದ ಅಲ್ವಾ?

ಹಾಸನದ ಕಡೆಯ ಪರಿಚಯದವಳೊಬ್ಬಳು ಈ ಫಾರಂ ತುಂಬಲು ನಮ್ಮನೆಗೆ ಲ್ಯಾಪ್‌ಟಾಪ್ ಹಿಡಿದು ಬಂದಿದ್ದಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಬಿಕಾಂ, ಊರಿನ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು.

"ಅಕ್ಕ, ಇಂಗ್ಲಿಷ್ ಓದೋದು ಸುಲಭನಾ ಕಷ್ಟನಾ ಅಂತ ಕೇಳ್ತಿದಾರೆ. ಏನ್ ಹಾಕ್ಲಿ?"

"ನಿಂಗೆ ಹೇಗನ್ಸುತ್ತೆ?"

"ಕಷ್ಟ ಅಂತ ಹಾಕೋದೇ ಸೇಫ್ ಅಲ್ವಾ? ಕೆಳಗಿಂದ ಬರೋಣ ಬಿಡಿ. ಸುಮ್ನೆ ಯಾಕೆ ಮರ್ಯಾದೆ ಕಳ್ಕೊಳ್ಳೋದು."

ಅವಳು ಅಷ್ಟು ಹೊತ್ತಿಗೆ ಆ ಫಾರಂನ ನಾಲ್ಕು ಪುಟ ಓದಿದ್ದಳು. ಕ್ಲಾಸುಗಳ ವಿವರ, ಷರತ್ತು, ಸಣ್ಣಕ್ಷರದ ಟಿಪ್ಪಣಿ ಎಲ್ಲ ಇಂಗ್ಲಿಷಿನಲ್ಲೇ. ಒಂದು ಪದದ ಅರ್ಥವನ್ನೂ ನನ್ನ ಹತ್ತಿರ ಕೇಳಿರಲಿಲ್ಲ. ಮೇಲಾಗಿ, ಎರಡನೇ ಪುಟದಲ್ಲಿ ಹೇಳಿದ್ದಕ್ಕೂ ನಾಲ್ಕನೇ ಪುಟದಲ್ಲಿ ಹೇಳಿದ್ದಕ್ಕೂ ತಾಳೆ ಆಗ್ತಿಲ್ಲ ಅಂತ ತಪ್ಪು ಬೇರೆ ಹಿಡಿದಿದ್ದಳು. ಅದನ್ನೇ ಅವಳಿಗೆ ತೋರಿಸಿದೆ. ಓದುವ ಕಡೆ "ಸುಲಭ" ಅಂತ ಹಾಕಿದಳು. ಬರೆಯುವ ಕಡೆ "ಸ್ವಲ್ಪ ಕಷ್ಟ". ಅದು ನಿಜವೇ.

ಇದೇ ಫಾರಂ ತುಂಬಲು ಬಂದ ಬೆಂಗಳೂರಿನ ಕಾನ್ವೆಂಟ್ ಹುಡುಗನಿಗೆ ಯಾವ ಪ್ರಶ್ನೆಯಲ್ಲೂ ತಡವರಿಕೆ ಇರಲಿಲ್ಲ. ಎಲ್ಲದಕ್ಕೂ "ತುಂಬಾ ಸುಲಭ". ಎರಡೂವರೆ ನಿಮಿಷದಲ್ಲಿ ಕೆಲಸ ಮುಗಿಸಿ ಫುಟ್‌ಬಾಲ್ ನೋಡಲು ಹೋದ. ಅವನ ಇಂಗ್ಲಿಷ್ ಚೆನ್ನಾಗಿಯೇ ಇದೆ, ಆದರೆ ಅವನು ಒಂದು ಪುಟ ನೆಟ್ಟಗೆ ಬರೆದದ್ದನ್ನು ನಾನು ನೋಡಿಲ್ಲ. ಹಳೆಯ ಟೆಸ್ಟ್ ಒಂದು ಬೆಳಗಿನ ಜ್ಞಾಪಕಶಕ್ತಿಯನ್ನು ಅಳೆಯುತ್ತಿತ್ತು. ಈ ಪ್ರಶ್ನಾವಳಿ ಧೈರ್ಯವನ್ನು ಅಳೆಯುತ್ತದೆ. ಕನ್ನಡ ಮೀಡಿಯಮ್ಮಿನಿಂದ ಬಂದವರಿಗೆ ಈ ಧೈರ್ಯ ಸ್ವಲ್ಪ ಕಮ್ಮಿಯೇ. ಪಿಯುಸಿಯಲ್ಲಿ ಇಂಗ್ಲಿಷ್ ಮೀಡಿಯಂ ಸೇರಿದ ಮೊದಲ ದಿನ ಹಿಂದಿನ ಬೆಂಚಿಗೆ ಹೋಗಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಫಾರಂ ಎದುರಿಗಿಟ್ಟುಕೊಂಡು ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ಕೆಲವು ಮಾತು. ಪಿಯುಸಿ, ಡಿಗ್ರಿಯ ಮಾರ್ಕ್ಸ್‌ಕಾರ್ಡ್ ತೆಗೆದಿಟ್ಟುಕೊಂಡು ಕೌನ್ಸೆಲರ್ ಹತ್ತಿರ ಹೋಗಿ. ನಮ್ಮ 65 ಪರ್ಸೆಂಟ್ ನೋಡಿ ಇಲ್ಲಿನವರು ಕಮ್ಮಿ ಅಂದುಕೊಳ್ಳಬಹುದು. ನಮ್ಮಲ್ಲಿ ಅದು ಫಸ್ಟ್ ಕ್ಲಾಸ್ ಅಂತ ಬಾಯಿಬಿಟ್ಟು ಹೇಳಿ. ಇಎಸ್‌ಎಲ್ (ಮಾತೃಭಾಷೆ ಬೇರೆ ಇರುವವರಿಗೆ ಇಂಗ್ಲಿಷ್ ಕಲಿಸುವ) ಕ್ಲಾಸಿಗೆ ಹಾಕಿದರೆ, ಅಲ್ಲಿಂದ ಕಾಲೇಜು ಇಂಗ್ಲಿಷ್ ಮುಗಿಸಲು ಎಷ್ಟು ಸೆಮಿಸ್ಟರ್ ಹಿಡಿಯುತ್ತದೆ ಅಂತ ಕೇಳಿ. ಇಎಸ್‌ಎಲ್‌ನವರಿಗೆ ಮೂರು ವರ್ಷದ ಗುರಿಯನ್ನು ಎಬಿ 705 ಹಾಕಿದೆ. ಮೇಲಿನ ಕ್ಲಾಸ್ ಬೇಕು ಅನ್ನಿಸಿದರೆ ಕೇಳುವುದರಲ್ಲಿ ಸಂಕೋಚ ಬೇಡ. ಬೆಂಬಲದ ಕ್ಲಾಸ್ ಇದ್ದರೆ ಅದನ್ನು ಅವಮಾನ ಅಂದುಕೊಳ್ಳದೆ ಸೇರಿಕೊಳ್ಳಿ. ಹಾಸನದವಳು ಸೇರಿಕೊಂಡಿದ್ದಾಳೆ. ಈ ವಾರ ಅವಳ ಎರಡನೇ ಪ್ರಬಂಧ, ವಿಷಯ ಆರಿಸುವುದು ಅವಳಿಗೇ ಬಿಟ್ಟಿದ್ದು. ಸಹಕಾರಿ ಬ್ಯಾಂಕಿನ ಸಾಲ ವಸೂಲಿ ಬಗ್ಗೆ ಬರೆಯುತ್ತಿದ್ದಾಳೆ.